ಬೇಕು-ಬಹುದು ಸಂಗ್ರಾಮದಲ್ಲಿ ನೀಲಗಂಗೆಯ ವಿಜಯ

ಯಾವ ಯುಗದಲ್ಲಿ ಕೆರೆಗಳು ಬತ್ತಿದರೂ ಠರಾವುಗಳು ಬತ್ತುತ್ತಿರಲಿಲ್ಲವೋ, ಯಾವ ಯುಗದಲ್ಲಿ ಭೂದೇವಿಯ ಮೈ ಕಾದು ಕಾವಲಿಯಾದಾಗಲೆಲ್ಲ ನಾನಾ ದೇಶಗಳ ಮಹನೀಯರು ತಣ್ಣನೆಯ ಸಭಾಭವನಗಳಲ್ಲಿ ನೆರೆದು, ಚಳಿಗೆ ಶಾಲು ಹೊದ್ದು, ಆಕೆಯ ಜ್ವರದ ಕುರಿತು ಚಿಂತಿಸುತ್ತಿದ್ದರೋ, ಯಾವ ಯುಗದಲ್ಲಿ ‘ನಾಳಿನ ಲೋಕ ಯುವಜನರದು’ ಎಂದು ಸಾರದೆ ಯಾವ ಹಿರಿಯನೂ ಭಾಷಣ ಮುಗಿಸುತ್ತಿರಲಿಲ್ಲವೋ, ಹಾಗೆ ಸಾರಿದ ಮೇಲೂ ಇಂದಿನ ಕುರ್ಚಿಯಿಂದ ಏಳುತ್ತಿರಲಿಲ್ಲವೋ, ಆ ಸಭಾಯುಗದ ನಟ್ಟನಡುವೆ ನಡೆದ ಘೋರ ಸಂಗ್ರಾಮದ ಕಥೆಯಿದು. ಎಲೈ ನುಡಿಯೊಡತಿಯೇ, ಬಂದು ನಾಲಗೆಯ ತುದಿಯಲ್ಲಿ ನಿಲ್ಲು. ವೀರರು ಗರ್ಜಿಸುವ ಹೊತ್ತಿಗೆ ಮೈಕು ಕೆಡದಂತೆ ನೋಡಿಕೋ. ಕಥೆ ಮುಗಿಯುವ ಮುನ್ನ ಕೇಳುವವರು ಚಹಾಕ್ಕೆ ಏಳದಂತೆ ಕಾಯಿ.

ಗದಗ ಸೀಮೆಯ ಕಪ್ಪುಮಣ್ಣಿನ ಬಯಲಿನಲ್ಲಿ, ರೋಣ ತಾಲ್ಲೂಕಿನ ಕರಿಹಾಳವೆಂಬ ಗ್ರಾಮದಲ್ಲಿ, ಕುಂಭದ್ವಯಧಾರಿಣಿಯೂ ಧಾವಮಾನ-ಬಸ್ಸು-ಗ್ರಹಣ-ನಿಪುಣೆಯೂ ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿಯೂ ಆದ ನೀಲಗಂಗಾ ಕುರಡಗಿ ಎಂಬ ಇಪ್ಪತ್ತೊಂದರ ಕನ್ಯೆ ಇದ್ದಳು. ಅವಳ ಓಣಿಯ ನಲ್ಲಿಗಳಲ್ಲಿ ದಿನಕ್ಕೊಮ್ಮೆ, ಬೆಳಿಗ್ಗೆ ಹತ್ತಕ್ಕೆ ನೀರು ಬರುತ್ತಿತ್ತು. ರೋಣದ ಕಾಲೇಜಿಗೆ ಹೋಗುವ ಬಸ್ಸೂ ಹತ್ತಕ್ಕೇ ಬರುತ್ತಿತ್ತು. ನೀರು ತುಂಬಿದರೆ ಪಾಠ ತಪ್ಪುವುದು, ಪಾಠ ಕೇಳಿದರೆ ಮನೆಯಲ್ಲಿ ಒಲೆ ಹೊತ್ತದು. ಹನ್ನೊಂದು ಮನೆಗಳ ಹುಡುಗಿಯರು ಹೀಗೆ ವರ್ಷಗಟ್ಟಲೆ ಮೊದಲ ಪಾಠದ ಮುಖ ಕಂಡಿರಲಿಲ್ಲ.

ವೇಳೆ ಬದಲಿಸಿರೆಂದು ನೀಲಗಂಗಾ ಊರಿನ ನೀರು ಸಮಿತಿಗೆ ಮೂರು ಸಲ ಅರ್ಜಿ ಕೊಟ್ಟಳು. ಅಧ್ಯಕ್ಷರಾದ ಅಂದಾನೆಪ್ಪಗೌಡರು ಮೂರು ಸಲವೂ ಅರ್ಜಿಯನ್ನು ಪ್ರೀತಿಯಿಂದ ತೆಗೆದುಕೊಂಡು, ಸಮಿತಿಯಲ್ಲಿ ಆರು ಮಂದಿಗೆ ಮಾತ್ರ ಮತವಿದೆ, ಮತವಿಲ್ಲದವರ ವಿಷಯ ಚರ್ಚೆಗೆ ಬರುವಂತಿಲ್ಲ ಎಂದು ಅಷ್ಟೇ ಪ್ರೀತಿಯಿಂದ ಹೇಳಿ ಕಳಿಸಿದರು. ಆಗ ಅವಳು ಸೆರಗು ಬಿಗಿದು ಹನ್ನೊಂದು ಹಳ್ಳಿ ತಿರುಗಿ, ಮುನ್ನೂರ ನಲವತ್ತು ಹುಡುಗಿಯರನ್ನು ಕೇಳಿ, ಎಲ್ಲೆಲ್ಲಿ ನೀರಿನ ವೇಳೆ ಪಾಠದ ವೇಳೆಯನ್ನು ನುಂಗುತ್ತಿದೆಯೆಂದು ಕೋಷ್ಟಕ ಬರೆದಳು. ಕಾಲೇಜಿನ ಮೇಡಂ ಒಬ್ಬರು ಅದನ್ನು ಎಲ್ಲಿಗೋ ಕಳಿಸಿದರು. ಎಲ್ಲಿಂದಲೋ ಉತ್ತರ ಬಂತು. ಸುಸ್ಥಿರ ಅಭಿವೃದ್ಧಿಯ ಬಗ್ಗೆ ಏಷ್ಯಾದ ದೇಶಗಳೆಲ್ಲ ಕೂಡಿ ಕಠ್ಮಂಡುವಿನಲ್ಲಿ ನೀರಿನ ಒಪ್ಪಂದದ ಕರಡು ಬರೆಯಲಿದ್ದು, ಇಪ್ಪತ್ನಾಲ್ಕು ಮಂದಿ ಯುವ ಪ್ರತಿನಿಧಿಗಳಲ್ಲಿ ನೀವೂ ಒಬ್ಬರು ಎಂದಿತ್ತು. ಅವಳ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ಪರದೇಶದಲ್ಲಿ ಯಾರ ಕೂಡಾನೂ ಜಗಳ ತೆಗೆಯಬೇಡವೆಂದು ಆಣೆ ಹಾಕಿಸಿಕೊಂಡು ಕಳಿಸಿದಳು.

ಹಿಮಗಿರಿಯ ತಪ್ಪಲಿನ ಆ ಸಭಾಭವನ ಐದಂತಸ್ತಿನದು. ಯುವಜನರಿಗೆ ನೆಲಮಾಳಿಗೆಯನ್ನು ಕೊಟ್ಟಿದ್ದರು. ಅಲ್ಲಿ ರಟ್ಟಿನಲ್ಲಿ ಮಾಡಿದ ಒಂದು ಮರ ನಿಂತಿತ್ತು. ಹಸಿರು ಕಾಗದದ ಎಲೆಗಳ ಮೇಲೆ ತಂತಮ್ಮ ಕನಸು ಬರೆದು ಅದಕ್ಕೆ ನೇತುಹಾಕಬೇಕೆಂದು ಅಪ್ಪಣೆಯಾಯಿತು. ನೀಲಗಂಗಾ ‘ನೀರು ಏಳು ಗಂಟೆಗೆ ಬರಬೇಕು’ ಎಂದು ಬರೆದು ತೂಗುಹಾಕಿದಳು. ಉಸ್ತುವಾರಿಯ ಹೆಂಗಸು ಅದರ ಅರ್ಥ ಕೇಳಿ, ಎಷ್ಟು ಕಾವ್ಯಮಯವಾಗಿದೆಯೆಂದು ಎದೆಯ ಮೇಲೆ ಕೈಯಿಟ್ಟುಕೊಂಡು, ಫೋಟೋ ತೆಗೆಸಿಕೊಂಡು ಹೋದಳು. ಹಸಿರು ಬಿಲ್ಲೆ ಧರಿಸಿದ ಯುವಕರು ಮೇಲಿನ ಮಹಾಸಭೆಯ ಕೊನೆಯ ಸಾಲಿನಲ್ಲಿ ಕೂರಬಹುದಿತ್ತು. ಅವರ ಮುಂದೆ ಮೈಕು ಇರಲಿಲ್ಲ. ಕೊನೆಯ ದಿನ ಎಲ್ಲರ ಪರವಾಗಿ ಒಬ್ಬರಿಗೆ ಎರಡು ನಿಮಿಷವಿತ್ತು. ಮಂತ್ರಿಗಳ ಭಾಷಣ ಉದ್ದವಾದಂತೆ ಅದು ಒಂದು ನಿಮಿಷವಾಗಿ, ಎರಡನೆಯ ದಿನದ ಹೊತ್ತಿಗೆ ನಲವತ್ತು ಸೆಕೆಂಡಿಗೆ ಇಳಿದಿತ್ತು.

ಆ ದಿನವೇ ನೀಲಗಂಗೆಗೆ ರಹಸ್ಯ ತಿಳಿಯಿತು. ಭಾಷಣಗಳು ನಡೆಯುವಲ್ಲಿ ಏನೂ ತೀರ್ಮಾನವಾಗುತ್ತಿರಲಿಲ್ಲ. ನಾಲ್ಕನೇ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕರಡು ತಯಾರಾಗುತ್ತಿತ್ತು. ಅದರ ಹತ್ತೊಂಬತ್ತನೇ ಕಂಡಿಕೆ ಹೀಗಿತ್ತು: ಸ್ಥಳೀಯ ನೀರು ಸಮಿತಿಗಳಲ್ಲಿ ಯುವಜನರಿಗೆ ಮತ ನೀಡಬೇಕು, ಅಥವಾ ನೀಡಬಹುದು. ಯಾವುದೆಂದು ಒಮ್ಮತವಾಗದ ಕಾರಣ ಎರಡೂ ಮಾತುಗಳನ್ನು ಆವರಣ ಚಿಹ್ನೆಗಳ ಸೆರೆಮನೆಯಲ್ಲಿ ಕೂಡಿಹಾಕಿದ್ದರು. ಮರುದಿನ ಒಂದು ಮಾತಿಗೆ ಬಿಡುಗಡೆ, ಇನ್ನೊಂದಕ್ಕೆ ಮರಣ.

ಆ ದುರ್ಗದ ದಂಡನಾಯಕ ಪುಟ್ಟಸ್ವಾಮಯ್ಯನವರು, ಕರಡು ಸಮಿತಿಯ ಕಾರ್ಯದರ್ಶಿ. ಮೂವತ್ತೊಂದು ವರ್ಷ ದೇಶದೇಶಗಳ ಕರಡುಗಳನ್ನು ಪಳಗಿಸಿದ ಆವರಣಚಿಹ್ನಾವಿಶಾರದ, ಉಪವಾಕ್ಯಗಹನಸಂಚಾರಿ, ಬಹುದುವಜ್ರಕವಚಧಾರಿ. ಮದ್ದೂರಿನವರಾದ ಅವರು ದುಷ್ಟರೇನೂ ಅಲ್ಲ. ಪ್ರತಿ ಕಾಗದಕ್ಕೂ ಎಲ್ಲರ ಸಹಿ ಬೀಳಬೇಕೆಂಬುದೊಂದೇ ಅವರ ವ್ರತ. ದೇಶಗಳ ನಿಯೋಗದವರಿಗೆ ಕೊಡುವ ಹಳದಿ ಬಿಲ್ಲೆ ಇಲ್ಲದವರು ಆ ಕೋಣೆಯ ಹೊಸ್ತಿಲು ಮೆಟ್ಟುವಂತಿರಲಿಲ್ಲ.

ಹಳದಿ ಬಿಲ್ಲೆ ದೊರೆತದ್ದು ಊಟದ ಸಾಲಿನಲ್ಲಿ. ನೀಲಗಂಗೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದ ಅರವತ್ತರ ಆಮಿನತ್ ಎಂಬಾಕೆ ಒಂದು ಪುಟ್ಟ ದ್ವೀಪರಾಷ್ಟ್ರದವರು. ಆ ದೇಶದ ನಿಯೋಗವೆಂದರೆ ಆಕೆಯೊಬ್ಬರೇ. ಮೂರು ಕೋಣೆಗಳಲ್ಲಿ ಏಕಕಾಲಕ್ಕೆ ಸಭೆ ನಡೆಯುವಾಗ ಎರಡು ಕೋಣೆಗಳಲ್ಲಿ ತಮ್ಮ ದೇಶ ಸಮುದ್ರದಲ್ಲಿ ಮುಳುಗಿಹೋದಂತೆಯೇ ಲೆಕ್ಕ ಎಂದು ಆಕೆ ನಕ್ಕರು. ನೀಲಗಂಗೆಯ ಕೈಯಲ್ಲಿದ್ದ ಕಾಗದಗಳೇನು ಎಂದು ಕೇಳಿದರು. ಅನ್ನ ತಣ್ಣಗಾಗುವವರೆಗೂ ಕೋಷ್ಟಕ ಓದಿದರು. ಆಮೇಲೆ ಕರವಸ್ತ್ರದಿಂದ ಕೈಯೊರಸಿ ಒಂದು ಪತ್ರ ಬರೆದು ಸಹಿ ಹಾಕಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಯಾವ ದೇಶ ಬೇಕಾದರೂ ಯಾರನ್ನಾದರೂ ತನ್ನ ನಿಯೋಗಕ್ಕೆ ಸೇರಿಸಿಕೊಳ್ಳಬಹುದಿತ್ತು. ಹೀಗೆ ಕರಿಹಾಳದ ಮಗಳು ಆವರೆಗೆ ಭೂಪಟದಲ್ಲೂ ನೋಡಿರದ ದೇಶವೊಂದರ ಅರ್ಧ ನಿಯೋಗವಾದಳು. ಹತ್ತೊಂಬತ್ತನೆಯದು ಬಂದಾಗ ಮುಂದಿರುವ ಹೆಸರಿನ ಫಲಕವನ್ನು ನೆಟ್ಟಗೆ ನಿಲ್ಲಿಸಬೇಕು, ಒಂದು ದೇಶ ಒಪ್ಪದಿದ್ದರೂ ಕಂಡಿಕೆ ಮುಂದೆ ಹೋಗುವುದಿಲ್ಲ ಎಂದು ಆಮಿನತ್ ಯುದ್ಧನೀತಿ ಬೋಧಿಸಿ, ಬೇರೆ ಕೋಣೆಗೆ ಓಡಿದರು.

ಮೂರನೆಯ ದಿನ ಹನ್ನೊಂದು ಗಂಟೆಗೆ ಹತ್ತೊಂಬತ್ತನೇ ಕಂಡಿಕೆ ಪರದೆಯ ಮೇಲೆ ಮೂಡಿತು. ಪುಟ್ಟಸ್ವಾಮಯ್ಯನವರು ಕನ್ನಡಕವೇರಿಸಿ, ‘ಬಹುದು’ ಎಂದಿಟ್ಟುಕೊಳ್ಳೋಣವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಪ್ಪತ್ತನೆಯದಕ್ಕೆ ಬೆರಳಿಟ್ಟರು. ಆಗ ಮೇಜಿನ ತುದಿಯಲ್ಲಿ, ಬೊಗಸೆಯಗಲದ ಒಂದು ಪ್ಲಾಸ್ಟಿಕ್ ಫಲಕ ವಿಜಯಧ್ವಜದಂತೆ ಮೇಲೆದ್ದಿತು. ಮೂವತ್ತು ದೇಶಗಳ ತಲೆಗಳು ಒಮ್ಮೆಗೇ ತಿರುಗಿದವು. ನೀಲಗಂಗಾ ಫಲಕವನ್ನು ಎರಡೂ ಕೈಯಲ್ಲಿ ಹಿಡಿದು ಬಂಡೆಯಂತೆ ಕೂತಿದ್ದಳು.

“ಎಲೈ ವಯೋವೃದ್ಧರೇ, ಕರಡುಧುರಂಧರರೇ, ನಿಮ್ಮ ಬಹುದುವಿನ ಕೋಟೆ ಎಷ್ಟೇ ಎತ್ತರವಿರಲಿ, ಮುನ್ನೂರ ನಲವತ್ತು ಹೆಣ್ಣುಮಕ್ಕಳ ಖಾಲಿ ಕೊಡಗಳ ನಾದವೇ ಎನ್ನ ರಣಭೇರಿ. ಸೂರ್ಯ ಪಡುವಲಲ್ಲಿ ಹುಟ್ಟಿದರೂ ಈ ಫಲಕ ಅಡ್ಡ ಮಲಗದು.” ಇಷ್ಟೆಲ್ಲ ಅರ್ಥ ತುಂಬಿಕೊಂಡು ಅವಳು ಇಂಗ್ಲಿಷಿನಲ್ಲಿ ಆಡಿದ್ದು ಎರಡೇ ಮಾತು: “ನೋ ಸರ್.”

ಅಲ್ಲಿಂದ ಮೊದಲಾಯಿತು ಕಾಳಗ. ಒಂದು ದೇಶ ‘ಸೂಕ್ತವೆನಿಸಿದಲ್ಲಿ’ ಎಂಬ ಬಾಣ ಬಿಟ್ಟಿತು. ಇನ್ನೊಂದು ‘ಆಯಾ ಸಂದರ್ಭಕ್ಕನುಗುಣವಾಗಿ’ ಎಂಬ ಗದೆಯೆತ್ತಿತು. ಮೂರನೆಯದು, ಯುವಜನರು ಎಂದರೆ ಎಷ್ಟು ವಯಸ್ಸಿನವರೆಂಬ ಮಾಯಾಸ್ತ್ರ ಪ್ರಯೋಗಿಸಿ ಐವತ್ತು ನಿಮಿಷ ಕೋಣೆಯಲ್ಲಿ ಕತ್ತಲೆ ಕವಿಸಿತು. ಎಲ್ಲಕ್ಕೂ ನೀಲಗಂಗೆಯ ಉತ್ತರ ಅದೇ ಎರಡು ಮಾತು. ಊಟದ ಹೊತ್ತು ಮೀರಿತು. ಹೊರಗೆ ಬಫೆಯ ಪಾತ್ರೆಗಳು ಮುಚ್ಚುವ ಸದ್ದು ಕೇಳಿ ಹಲವು ವೀರರ ಮುಖ ಬಾಡಿತು.

ನಾಲ್ಕು ಗಂಟೆಗೆ ಹದಿನೈದು ನಿಮಿಷ ವಿರಾಮ ಸಿಕ್ಕಿತು. ನೀಲಗಂಗಾ ಚಹಾ ಬಾಯಿಗಿಟ್ಟು, ಸುಟ್ಟುಕೊಂಡು, “ಅಯ್ಯ ಶಿವನ” ಎಂದಳು. ಹಿಂದೆಯೇ ನಿಂತಿದ್ದ ಪುಟ್ಟಸ್ವಾಮಯ್ಯನವರು ತಮ್ಮ ಕಪ್ಪನ್ನು ಕೆಳಗಿಟ್ಟರು. ಯಾವೂರು ಎಂದು ವಿಚಾರಿಸಿದರು. ತಾವು ಮದ್ದೂರಿನವರೆಂದೂ, ಕನ್ನಡ ಕೇಳಿ ಎರಡು ತಿಂಗಳಾಯಿತೆಂದೂ ಹೇಳಿದರು. ಅವಳು ಡಬ್ಬಿ ತೆರೆದು ರೊಟ್ಟಿ ಮುರಿದು ಕೊಟ್ಟಳು. ಚಟ್ನಿಯ ಖಾರಕ್ಕೆ ಮಹಾರಥಿಯ ಕಣ್ಣಲ್ಲಿ ನೀರು ಬಂತು.

“ನೋಡವ್ವ,” ಎಂದರು ಕಣ್ಣೊರೆಸಿಕೊಂಡು, “ಮೂವತ್ತೊಂದು ವರ್ಸದಿಂದ ಇದೇ ಕೆಲ್ಸ ಮಾಡ್ತಿವ್ನಿ. ಬೇಕು ಅಂದ್ರೆ ಯಾರೂ ಸಹಿ ಹಾಕಕಿಲ್ಲ. ಬಹುದು ಅಂದ್ರೆ ಎಲ್ರೂ ಹಾಕ್ತಾರೆ. ಮುಂದಿಂದು ಆಮ್ಯಾಕೆ ನೋಡ್ಕಬಹುದು.”

“ಸರ್, ನಮ್ಮೂರಾಗ ಬದಲಿ ಮಾಡಬಹುದು, ನೋಡಬಹುದು ಅಂತ ಭಾಳ ವರ್ಷದಿಂದ ಹೇಳಾಕತ್ತಾರ್ರಿ. ಬಹುದು ಅನ್ನೂದನ್ನ ಕೊಡದಾಗ ತುಂಬಾಕ ಬರೂದಿಲ್ರಿ.”

ಪುಟ್ಟಸ್ವಾಮಯ್ಯನವರು ಇನ್ನೊಂದು ತುಂಡು ರೊಟ್ಟಿ ಮುರಿದುಕೊಂಡರು. ಸಾಮೋಪಾಯ ಫಲಿಸದ್ದರಿಂದ ದಾನಕ್ಕಿಳಿದು, ಮುಂದಿನ ವರ್ಷದ ಸಭೆಯಲ್ಲಿ ವೇದಿಕೆಯ ಮೇಲೆ ಕುರ್ಚಿ ಕೊಡಿಸುವೆನೆಂದರು. ಭೇದಕ್ಕಿಳಿದು, ಉಳಿದ ಯುವಕರೆಲ್ಲ ಕೆಳಗೆ ಗುಂಪು ಫೋಟೋಕ್ಕೆ ನಿಂತಿದ್ದಾರೆ, ನೀನೊಬ್ಬಳೇ ತಪ್ಪಿಸಿಕೊಂಡೆ ಎಂದರು. ದಂಡಕ್ಕೆ ಅವರ ಬಾಯಿ ಬರಲಿಲ್ಲ. ಉಂಡ ರೊಟ್ಟಿ ಅಡ್ಡ ಬಂತು. ಅವಳಿಗೂ ಒಳಗೊಳಗೇ ಕೆಡುಕೆನಿಸುತ್ತಿತ್ತು, ಅಪ್ಪನ ವಯಸ್ಸಿನ ಮನುಷ್ಯ, ಬೆಳಗಿನಿಂದ ಊಟವಿಲ್ಲ. ಆದರೂ ಒಳಗೆ ಹೋಗಿ ಫಲಕವನ್ನು ಮತ್ತೆ ನಿಲ್ಲಿಸಿದಳು.

ಐದೂವರೆಗೆ ಭಾಷಾಂತರಕಾರರು ಹೆಡ್‌ಫೋನು ಕಳಚಿ ಹೊರಟರು. ಮೂರು ದೇಶಗಳಿಗೆ ವಿಮಾನದ ವೇಳೆಯಾಯಿತು. ಒಂದು ದೇಶ ಕುಳಿತಲ್ಲೇ ಗೊರಕೆ ಹೊಡೆಯಿತು. ಆರಕ್ಕೆ ಹತ್ತು ನಿಮಿಷವಿರುವಾಗ ಪುಟ್ಟಸ್ವಾಮಯ್ಯನವರು ನಿಟ್ಟುಸಿರುಬಿಟ್ಟು, ದ್ವೀಪರಾಷ್ಟ್ರದ ಮಾತನ್ನು ಮನ್ನಿಸಿ ‘ಬೇಕು’ ಎಂಬುದನ್ನೇ ಉಳಿಸೋಣ, ವಾಕ್ಯವನ್ನು ಮಾತ್ರ ಚೂರು ಸರಿಪಡಿಸುತ್ತೇನೆ ಎಂದರು. ಯಾರೂ ಎದುರಾಡಲಿಲ್ಲ. ಮರದ ಸುತ್ತಿಗೆ ಢಣ್ಣೆಂದು ಬಿತ್ತು. ನೀಲಗಂಗೆಯ ಕಿವಿಯಲ್ಲಿ ದೇವದುಂದುಭಿ ಮೊಳಗಿತು, ಎದೆ ಕರಿಹಾಳದಷ್ಟಗಲವಾಯಿತು. ಆಮೇಲೆ ಪರದೆಯ ಮೇಲೆ ವಾಕ್ಯ ಮೂಡಿತು: ‘ಸ್ಥಳೀಯ ನೀರು ಸಮಿತಿಗಳಲ್ಲಿ ಯುವಜನರಿಗೆ ಮತ ನೀಡಬಹುದೇ ಎಂಬುದನ್ನು ಪರಿಗಣಿಸಬೇಕು.’

ಅವಳು ಮೂರು ಸಲ ಓದಿದಳು. ಸುತ್ತಿಗೆ ಬಿದ್ದ ಮೇಲೆ ಫಲಕಕ್ಕೆ ಬೆಲೆಯಿರಲಿಲ್ಲ. ಕಾಗದ ಜೋಡಿಸಿಕೊಂಡು ಪಕ್ಕದಲ್ಲೇ ಹಾದುಹೋದ ಪುಟ್ಟಸ್ವಾಮಯ್ಯನವರು ತಗ್ಗಿದ ದನಿಯಲ್ಲಿ, “ಬೇಕು ಉಳೀತಲ್ಲವ್ವ,” ಎಂದರು. ಅದು ಅಣಕವೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಆಮಿನತ್ ಮಾತ್ರ ಸುದ್ದಿ ಕೇಳಿ ಅವಳನ್ನು ಅಪ್ಪಿಕೊಂಡರು. ಇಪ್ಪತ್ತೆರಡು ವರ್ಷಗಳ ಸಭೆಗಳಲ್ಲಿ ತಮ್ಮ ದೇಶ ಸೇರಿಸಿದ್ದು ಒಟ್ಟು ನಾಲ್ಕು ಪದ, ಅದರಲ್ಲೊಂದು ‘ಮತ್ತು’ ಎಂದರು.

ಐವತ್ತೆಂಟು ಪುಟಗಳ ಒಪ್ಪಂದವನ್ನು ಎದೆಗವಚಿಕೊಂಡು ವೀರಾಂಗನೆ ಊರಿಗೆ ಬಂದಾಗ ಕರಿಹಾಳದಲ್ಲಿ ಎರಡು ದಿನದಿಂದ ನೀರೇ ಇರಲಿಲ್ಲ. ದೊಡ್ಡ ವಾಲ್ವಿನ ವಾಷರ್ ಹರಿದಿತ್ತು. ಪಂಚಾಯ್ತಿ ಕಟ್ಟೆಯ ಮೇಲೆ ಸಮಿತಿ ಕೂತಿತ್ತು. ಅವಳು ನಿಂತು ಹತ್ತೊಂಬತ್ತನೇ ಕಂಡಿಕೆಯನ್ನು ಕನ್ನಡ ಮಾಡಿ ಓದಿದಳು. ಅಂದಾನೆಪ್ಪಗೌಡರು ಕಣ್ಣುಮುಚ್ಚಿ ಗಂಭೀರವಾಗಿ ಕೇಳಿದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು.

“ಆತು ತಂಗಿ, ಪರಿಗಣಿಸಿದ್ವಿ,” ಎಂದರು. “ಮುಂದಿನ ವಿಷಯ ಏನೈತ್ರಿ?”

ಮುಂದಿನ ವಿಷಯ ವಾಷರ್. ರೋಣಕ್ಕೆ ಹೋಗಿ ತರುವವರು ಯಾರು ಎಂಬ ಪ್ರಶ್ನೆಗೆ ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಬೀಗರು ಬರುವವರಿದ್ದರು. ಕೊನೆಗೆ, ಯುವಜನರೇ ಹೋಗಿ ತರಬೇಕೆಂದು ಆರಕ್ಕೆ ಆರೂ ಮತಗಳಿಂದ ತೀರ್ಮಾನವಾಯಿತು. ಕಠ್ಮಂಡುವಿನಲ್ಲಿ ಏಳು ತಾಸು ಹೋರಾಡಿದರೂ ಬಾರದಿದ್ದ ‘ಬೇಕು’ ಇಲ್ಲಿ ಅರ್ಧ ನಿಮಿಷದಲ್ಲಿ ಬಂತು. ನೀಲಗಂಗಾ ವಾಲ್ವಿನ ಅಳತೆ ದಾರದಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ವಾಲ್ವಿನ ಗುಂಡಿಯ ಸುತ್ತ ಸಮಿತಿಯ ಆರೂ ಮಂದಿ, ಅವರ ಹಿಂದೆ ಕೊಡ ಹಿಡಿದ ಇಡೀ ಓಣಿ ನೆರೆದಿತ್ತು. ನೀರು ಬಿಡುವ ಹುಚ್ಚೀರಪ್ಪ ನಟ್ಟು ತಿರುವುವ ಪಾನಾ ಹಿಡಿದು ಗುಂಡಿಯಲ್ಲಿಳಿದು ಕೈ ಚಾಚಿದ. ನೀಲಗಂಗಾ ಮುಷ್ಟಿ ಬಿಚ್ಚಲಿಲ್ಲ.

“ಗೌಡ್ರ, ಮತ ಕೊಡ್ರಿ, ವಾಷರ್ ಕೊಡ್ತೀನಿ.”

“ಇದನ್ನೇನು ಆ ಕಠ್ಮಂಡುದಾಗ ಕಲಿಸಿದ್ರೇನವಾ?”

“ಇಲ್ರಿ. ಅಲ್ಲಿ ಬರೇ ಪರಿಗಣಿಸೂದು ಕಲಿಸಿದ್ರು.”

ಗೌಡರು ಅವಳ ಮುಷ್ಟಿ ನೋಡಿದರು. ಹಿಂದಿನ ಕೊಡಗಳನ್ನು ನೋಡಿದರು. ಕೊಡಗಳ ನಡುವೆ ಅವರ ಹೆಂಡತಿಯೂ ಇದ್ದಳು. ನಾಲ್ಕು ನಿಮಿಷದಲ್ಲಿ ಪಂಚಾಯ್ತಿಯ ಗುಮಾಸ್ತ ಠರಾವು ಪುಸ್ತಕ ತಂದು, ‘ಯುವಜನರಿಗೆ ಒಂದು ಮತ ಕೊಡಲಾಗಿದೆ’ ಎಂದು ಬರೆದ. ಅದರಲ್ಲಿ ಬೇಕೂ ಇರಲಿಲ್ಲ, ಬಹುದೂ ಇರಲಿಲ್ಲ. ಬೆರಳಗಲದ ಆ ರಬ್ಬರಿನ ಬಳೆ ಕೈಬದಲಾಯಿತು.

ಅಲ್ಲೇ ನಿಂತು ನೀರಿನ ವೇಳೆಯ ವಿಷಯವನ್ನೂ ಎತ್ತಿಕೊಂಡರು. ಏಳು ಗಂಟೆಗೆ ಎಂದಳು ನೀಲಗಂಗಾ. ಏಳಕ್ಕೆ ಹಾಲು ಹಿಂಡುವ ಹೈನದ ಹೊತ್ತು ಎಂದರು. ಎಂಟಕ್ಕೆ ಕರೆಂಟಿನ ಭರವಸೆಯಿಲ್ಲ ಎಂದರು. ಒಂಬತ್ತಕ್ಕೆ ಪೂಜೆ ಬಂತು. ಕೊನೆಗೆ ಒಂಬತ್ತೂವರೆಗೆ ಮೂರು ಕೈ ಮೇಲೆದ್ದವು, ಮೂರು ಕೈ ಕೆಳಗುಳಿದವು. ಏಳನೆಯ ಕೈ ನೀಲಗಂಗೆಯದು.

ಹೀಗೆ ಸಕಲ ಏಷ್ಯಾಖಂಡವನ್ನು ಕಲಕಿದ ಆ ಮಹಾಸಂಗ್ರಾಮದ ಫಲವಾಗಿ ಕರಿಹಾಳದ ಒಂದು ಓಣಿಗೆ ನೀರು ಅರ್ಧ ತಾಸು ಮೊದಲು ಬಂತು. ಸೋಮವಾರ ಹುಡುಗಿಯರು ಕೊಡ ಇಳಿಸಿ, ಒದ್ದೆ ಅಂಚು ಹಿಂಡಿಕೊಳ್ಳುತ್ತ ಓಡಿ ಹತ್ತರ ಬಸ್ಸು ಹಿಡಿದರು. ಕೂರಲು ಜಾಗವಿರಲಿಲ್ಲ. ರೋಣದವರೆಗೆ ಎಲ್ಲರೂ ನಿಂತೇ ಹೋದರು.