ಲೇಥಿಗೆ ಹಚ್ಚಿದ ವಿಭೂತಿ

ಪುಂಡಲೀಕ ಎಮ್ಮೆಯ ಮೈ ತೊಳೆಯುತ್ತಿದ್ದ. ಅರ್ಧ ಎಮ್ಮೆ ಮಿಂಚುತ್ತಿತ್ತು, ಇನ್ನರ್ಧ ಸರದಿ ಕಾಯುತ್ತಿತ್ತು. ಅಷ್ಟರಲ್ಲಿ ಹಿತ್ತಲಿನ ಶೆಡ್ಡಿನಿಂದ ಪಕ್ಕದ ಮನೆಯ ಶಿವಗಂಗವ್ವನ ಕೂಗು ಕೇಳಿತು.

"ಪುಂಡಲೀಕಾ, ಓಡಿ ಬಾರೋ! ನಿನ್ನ ಮಶೀನಿಗೆ ಏನೋ ಬಡದೈತಿ!"

ತಂಬಿಗೆ ಅಲ್ಲೇ ಬಿಟ್ಟು ಓಡಿದ. ಶೆಡ್ಡಿನಲ್ಲಿದ್ದದ್ದು ಹಳೆಯ ಸಿಎನ್‌ಸಿ ಲೇಥು. ಕಬ್ಬಿಣದ ಸರಳನ್ನು ಕಂಪ್ಯೂಟರ್ ಹೇಳಿದಂತೆ ಕಡೆಯುವ ಯಂತ್ರ. ಹುಬ್ಬಳ್ಳಿಯ ಗುಜರಿಯಿಂದ ತಂದಾಗ ಅದರ ಮೈ ಗಟ್ಟಿಯಿತ್ತು, ತಲೆ ಮಾತ್ರ ಸತ್ತಿತ್ತು. ಸತ್ತ ಕಂಪ್ಯೂಟರ್ ಕಿತ್ತು, ಚೀನಾದಿಂದ ಹೊಸದನ್ನು ತರಿಸಿ, ಮಳೆಗಾಲವೆಲ್ಲ ವೈರುಗಳ ಜೊತೆ ಗುದ್ದಾಡಿ ಕೂರಿಸಿದ್ದ. ಇವತ್ತು ಅಣ್ಣಿಗೇರಿಯ, ಬೀಜ ಬಿತ್ತುವ ಕೂರಿಗೆ ತಯಾರಿಸುವ ಕಾರ್ಖಾನೆಯ ಪ್ರಭು ಸಾಹುಕಾರರು ಬರುವವರಿದ್ದರು. ಅವರೆದುರು ಕೂರಿಗೆಯ ಪಿನ್ನೊಂದನ್ನು ಸರಿಯಾಗಿ ಕಡೆದು ತೋರಿಸಿದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಲೇಥು ಮತ್ತೆ ಗುಜರಿಗೆ.

"ಏನ್ ಮಾಡಿದಿ ದೊಡ್ಡವ್ವಾ?"

"ಏನಿಲ್ಲಪಾ. ಹೊಸಾ ಮಶೀನು, ಹಣಿ ಖಾಲಿ ಇತ್ತು. ಮೂರು ಬಟ್ಟಿನ ವಿಭೂತಿ ಎಳದೆ. ಎಳಿಯೂದ ತಡಾ, ಮಾರಿ ಬದಲ ಆತು!"

ಅವಳು ಹಣೆಯೆಂದು ತಿಳಿದದ್ದು ಬೆರಳು ಮುಟ್ಟಿದರೆ ಕೆಲಸ ಮಾಡುವ ಪರದೆ. ಪುಂಡಲೀಕ ಗಾಬರಿಯಿಂದ ಒರೆಸಿದ. ಒರೆಸಿದಂತೆಲ್ಲ ಹೊಸ ಹೊಸ ಪುಟ ತೆರೆಯಿತು. ಇಂಗ್ಲಿಷಿನಲ್ಲಿದ್ದದ್ದೆಲ್ಲ ಈಗ ಚೀನೀ ಅಕ್ಷರ. ಇರುವೆಗಳು ದಿಬ್ಬಣ ಹೊರಟಂತಿತ್ತು.

ಸುದ್ದಿ ಓಣಿಗೆ ಹಬ್ಬಿತು. ನಿವೃತ್ತ ಮಾಸ್ತರ ಮಡಿವಾಳೆಪ್ಪ ಬಂದು ಮೂಗಿನ ಮೇಲೆ ಚಾಳೀಸು ಏರಿಸಿದರು. "ಇದು ಹಳಗನ್ನಡ. ಇಂಥಾದ್ದೊಂದು ಕಲ್ಲು ನಮ್ಮ ಹೊಲದಾಗ ಐತಿ."

ವೆಲ್ಡಿಂಗ್ ಖಾಜಾಸಾಬ ಮೊಬೈಲನ್ನು ಪರದೆಗೆ ಹಿಡಿದ. ಅದು ಕಬ್ಬಿಣ ಕಡೆಯುವ ಉಳಿಯನ್ನು ಚಾಕುವೆಂದು ಅನುವಾದಿಸಿ ಗಟ್ಟಿಯಾಗಿ ಓದಿತು: "ಚಾಕುವನ್ನು ಎಷ್ಟು ಒಳಗೆ ನುಗ್ಗಿಸಬೇಕು?"

ಖಾಜಾಸಾಬ ಬಾಗಿಲಿಗೆ ಹಾರಿದ. "ಲೇ, ಇದು ಮಶೀನಲ್ಲ, ಗೂಂಡಾ ಐತಿ!"

ಪುಂಡಲೀಕ ಒಂದು ಕಡೆ ಒತ್ತಿದ. ಲೇಥು ತಂಪು ಮಾಡುವ ಹಾಲುಬಣ್ಣದ ನೀರು ಚಿಮ್ಮಿ ಮಾಸ್ತರು ತಲೆಯಿಂದ ಕಾಲಿನವರೆಗೆ ತೊಯ್ದರು.

"ಮಾಸ್ತರ, ಜಳಕ ಆತಲ್ರೀ!" ಎಂದ ಖಾಜಾಸಾಬ.

ಇನ್ನೊಂದು ಕಡೆ ಒತ್ತಿದ. ಯಂತ್ರ ಕೀ ಎಂದು ಕಿರುಚಿತು. ಹೊರಗೆ ಅರ್ಧ ತೊಳೆದ ಎಮ್ಮೆ ಉತ್ತರ ಕೊಟ್ಟಿತು. ಹೆಂಡತಿ ಮಂಜುಳಾ ರೊಟ್ಟಿ ಬಡಿಯುವುದನ್ನು ಬಿಟ್ಟು, ಪುಟ್ಟ ಐಶ್ವರ್ಯಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. "ಅಪ್ಪಾ, ನಿನಗ..." ಎಂದ ಮಗುವಿಗೆ, "ಸುಮ್ನಿರು ನನ್ನವ್ವಾ, ಅಪ್ಪ ಗಡಿಬಿಡಿಯಾಗ ಅದಾನ" ಎಂದು ತಲೆ ಸವರಿದಳು.

ಅಷ್ಟರಲ್ಲಿ ಸಾಹುಕಾರರ ಕಾರು ಬಂದೇ ಬಿಟ್ಟಿತು.

ಪಿನ್ನಿನ ಅಳತೆಯನ್ನು ಪುಂಡಲೀಕ ನಿನ್ನೆಯೇ ತುಂಬಿಸಿಟ್ಟಿದ್ದ. ಕಣ್ಣು ಮುಚ್ಚಿ ಹಸಿರು ಗುಂಡಿ ಒತ್ತಿದ. ಲೇಥು ಗರಗರ ತಿರುಗಿ, ಹಬ್ಬಕ್ಕೆ ತಿಕ್ಕಿದ ತಂಬಿಗೆಯಂಥ ಫಳಫಳ ಪಿನ್ನನ್ನು ಉದುರಿಸಿತು. ಪ್ರಭು ಅಳೆದು ನೋಡಿದರು.

"ಅಗದಿ ಬರೋಬರಿ ಐತಿ!" ಎಂದವರು ಪರದೆ ನೋಡಿ ಬೆರಗಾದರು. "ಇದೆಲ್ಲಾ ಚೀನೀ ಭಾಷಾದಾಗ ಐತಲ್ಲ!"

ಪುಂಡಲೀಕ ಬಾಯಿ ತೆರೆಯುವ ಮೊದಲೇ ಶಿವಗಂಗವ್ವ ಹೇಳಿದಳು: "ನಮ್ಮ ಹುಡುಗ ನೀರು ಕುಡದಂಗ ಓದ್ತಾನ್ರೀ."

ಧೋತರ ಹಿಂಡುತ್ತ ಮಾಸ್ತರು ಸೇರಿಸಿದರು: "ನಾನ ಕಲಿಸೀನ್ರಿ."

ಪ್ರಭು ಪುಂಡಲೀಕನನ್ನು ಬಾಚಿ ತಬ್ಬಿಕೊಂಡರು. "ಸಿಕ್ಕಿ ನೋಡಪಾ! ಚೀನಾದಿಂದ ತರಿಸಿದ ದೊಡ್ಡ ಮಶೀನು ನಮ್ಮಲ್ಲಿ ತಾಡಪತ್ರಿ ಹೊದ್ದು ಮಲಗೇತಿ, ಓದಾವ್ರ ಇಲ್ಲ. ನಡೀ, ಈಗ ಹೋಗೂಣು. ಅದನ್ನ ಚಾಲೂ ಮಾಡಿದ್ರ ಪಿನ್ನೆಲ್ಲಾ ಅಲ್ಲೇ ಆಗ್ತಾವು. ನಿನ್ನ ಈ ಹಳೇ ಲೇಥು ಯಾತಕ್ಕ ಬೇಕು?"

ಓದಲು ಬರುತ್ತದೆ ಎಂದರೆ ಲೇಥು ಹೋಯಿತು, ಬರುವುದಿಲ್ಲ ಎಂದರೆ ಸಾಹುಕಾರರೇ ಹೋದರು. ಸಾಹುಕಾರರ ಡ್ರೈವರ್ ಆಗಲೇ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ.

ಮಂಜುಳಾ ಮಗಳ ಬಾಯಿಗೆ ಹಿಟ್ಟಿನ ಕೈ ಒಯ್ಯುವುದರೊಳಗೆ ಐಶ್ವರ್ಯ ಓಣಿಗೆಲ್ಲ ಕೇಳುವಂತೆ ಕೇಳಿಯೇ ಬಿಟ್ಟಳು:

"ಅಪ್ಪಾ, ನಿನಗ ಇದು ಓದಾಕ ಬರ್ತೈತೇನು?"