ಸುಬೇದಾರರ ಸೊಸೆಯ ಮದುವೆ

ನನ್ನ ವರ್ಗಾವಣೆಗೂ ನಮ್ಮ ಮನೆಯ ಶುಭಕಾರ್ಯಗಳಿಗೂ ಯಾವ ಜನ್ಮದ ನಂಟೋ ಗೊತ್ತಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಬರುತ್ತಲೇ ಇತ್ತು. ಊರಿನ ಭಟ್ಟರು ಮುಹೂರ್ತ ಇಡುವ ಮೊದಲೇ ದಿಲ್ಲಿಗೆ ಸುದ್ದಿ ಮುಟ್ಟುತ್ತದೆ ಎಂದು ನಮ್ಮಮ್ಮನ ಗುಮಾನಿ. ನನ್ನ ಸ್ವಂತ ಮದುವೆಯೇ ವರ್ಗಾವಣೆಗಳ ದೆಸೆಯಿಂದ ಮತ್ತೆ ಮತ್ತೆ ಮುಂದೆ ಹೋಗಿ, ಕಿವಿಯ ಪಕ್ಕ ನರೆ ಇಣುಕಿದ ಮೇಲೆ ನಡೆಯಿತು. ಹುಡುಗಿ ಕಾದಳು ಎಂಬುದು ನನ್ನ ಪುಣ್ಯ.

ಇನ್ನೊಂದು ತೊಡಕೂ ಇತ್ತು. ನಮ್ಮದು ಅಳಿಯಕಟ್ಟು. ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ. ಕಾರ್ಕಳದ ಹತ್ತಿರದ ನನ್ನ ಮನೆಯೆಂದರೆ ಅಮ್ಮ, ಅಕ್ಕ ಮತ್ತು ಅಕ್ಕನ ಮಕ್ಕಳು. ನನ್ನ ಹೆಂಡತಿ, ಮಗ ಇರುವುದು ಕಾಪುವಿನಲ್ಲಿ, ಅವಳ ತಾಯಿಯ ಮನೆಯಲ್ಲಿ. ಅಕ್ಕನ ಮಕ್ಕಳ ಮದುವೆ ಮಾಡಿಸಬೇಕಾದವನು ಅವರ ಅಪ್ಪನಲ್ಲ, ಸೋದರಮಾವನಾದ ನಾನು. ಊರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಸೈನ್ಯಕ್ಕೆ ಮಾತ್ರ ನನ್ನ ನೌಕರಿ ಮುಗಿಯುತ್ತ ಬಂದರೂ ಗೊತ್ತಾಗಲಿಲ್ಲ.

ಸಂಸಾರ ಎಲ್ಲಿದೆ?

ಪುಣೆಯಲ್ಲಿದ್ದಾಗ ಸಂಸಾರ ಹೂಡಲು ಕ್ವಾರ್ಟರ್ಸ್ ಸಿಗುವ ಸರದಿ ನನಗೆ ಬಂತು. ಉತ್ತರದ ಕಡೆಯ ಎಳೆ ಪ್ರಾಯದ ಕ್ಯಾಪ್ಟನ್ ಕೇಳಿದರು, "ಈಗ ಹೆಂಡತಿ ಎಲ್ಲಿದ್ದಾರೆ?"

"ಅವಳ ಮನೆಯಲ್ಲಿ, ಸರ್."

"ರಜೆಗೆ ಹೋದಾಗ ನೀವು?"

"ನನ್ನ ಮನೆಯಲ್ಲಿ. ನಡುನಡುವೆ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತೇನೆ."

"ಇದು ಯಾವಾಗಿನಿಂದ ಹೀಗೆ?"

"ಮದುವೆಯಾದಾಗಿನಿಂದ, ಸರ್."

ಅವರ ಮುಖ ಸಣ್ಣದಾಯಿತು. ಸಂಜೆಗೆ ಪಲ್ಟನಿನ ಪಂಡಿತರಿಂದ ಕರೆ ಬಂತು. ಪೂಜೆಗೆ ಚಂದಾ ಇರಬೇಕು ಎಂದು ಹೋದರೆ ನನ್ನನ್ನು ಕೂರಿಸಿಕೊಂಡು, ಗಂಡಹೆಂಡಿರು ಎಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ಗಂಡಸಾದವನು ಸ್ವಲ್ಪ ತಗ್ಗಬೇಕು ಎಂದು ಉಪದೇಶ ಶುರು ಮಾಡಿದರು. ನಾನು ಬಾಯಿ ತೆರೆದಾಗಲೆಲ್ಲ "ಕೋಪ ಬೇಡ" ಎನ್ನುತ್ತಿದ್ದರು.

ಮುಂದಿನ ತಿಂಗಳು ನನ್ನವಳು ಮಗುವನ್ನು ಎತ್ತಿಕೊಂಡು, ಒಂದು ಡಬ್ಬಿ ಹಪ್ಪಳದೊಂದಿಗೆ ಪುಣೆ ನೋಡಲು ಬಂದಿಳಿದಳು. ನಾವಿಬ್ಬರೂ ಜಗಲಿಯಲ್ಲಿ ಕುಳಿತು ನಗುತ್ತಿದ್ದುದನ್ನು ಕ್ಯಾಪ್ಟನ್ ನೋಡಿದರು. ಅಂದಿನಿಂದ ಪಂಡಿತರ ಹೆಸರು ಮೇಲಕ್ಕೆ ಹೋಯಿತು. ಜಗಳವಾಡಿದ ದಂಪತಿಗಳೆಲ್ಲ ಅವರಲ್ಲಿಗೇ ಹೋಗತೊಡಗಿದರು. ಬಂದವರಿಗೆಲ್ಲ ಅವರು ನಮ್ಮಿಬ್ಬರನ್ನೇ ತೋರಿಸುತ್ತಿದ್ದರಂತೆ.

ತೆಂಗಿನಕಾಯಿಯ ಕವಾಯತು

ರಜೆಯಲ್ಲಿ ಊರಿಗೆ ಬಂದರೆ ನನಗೆ ಸುಮ್ಮನೆ ಕೂರುವ ಅಭ್ಯಾಸವಿಲ್ಲ. ಬೆಳಕು ಹರಿಯುವಾಗಲೇ ಎಲ್ಲರನ್ನೂ ಎಬ್ಬಿಸುತ್ತಿದ್ದೆ. ದನದ ಹಟ್ಟಿ, ಬಾವಿಕಟ್ಟೆ, ಅಡುಗೆಮನೆ ಎಲ್ಲದರ ತಪಾಸಣೆ. ಅಂಗಳದಲ್ಲಿ ರಾಶಿ ಬಿದ್ದ ತೆಂಗಿನಕಾಯಿಗಳನ್ನು ಜುಟ್ಟು ಒಂದೇ ದಿಕ್ಕಿಗೆ ಬರುವಂತೆ ಸಾಲಾಗಿ ಇಡಿಸಿದೆ. ಗದ್ದೆ ಹೂಡಲು ಬರುವ ಆಳು ನನ್ನನ್ನು ಕಂಡರೆ ಕಾಲು ಜೋಡಿಸಿ ನಿಲ್ಲತೊಡಗಿದ. ಎತ್ತುಗಳಿಗೆ ಮಾತ್ರ ಶಿಸ್ತು ಹತ್ತಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅಮ್ಮ ಬೇಲಿಯ ದಣಪೆಯ ಬಳಿ ನಿಂತು ಪೋಸ್ಟಿನವನನ್ನು ದಿನವೂ ಕೇಳತೊಡಗಿದಳು, "ಇವನಿಗೆ ಮಿಲಿಟ್ರಿಯಿಂದ ಎಂತಾದರೂ ಉಂಟಾ?"

ಮಗನ ಚಿಂತೆ ಎಂದು ನನಗೆ ಮನಸ್ಸು ತುಂಬಿ ಬರುತ್ತಿತ್ತು. ಕೊನೆಗೊಂದು ದಿನ ತಂತಿ ಬಂತು, ರಜೆ ಮೊಟಕಾಯಿತು. ಅಮ್ಮ ಎಂದಿನಂತೆ ಅತ್ತಳು. ನನ್ನ ಬಸ್ಸು ತಿರುವು ದಾಟಿದ ಮೇಲೆ ಅವಳು ಆಡಿದ ಮೊದಲ ಮಾತನ್ನು ಅಕ್ಕ ಎಷ್ಟೋ ಕಾಲದ ನಂತರ ಹೇಳಿದಳು: "ಇನ್ನು ಆ ಕಾಯಿಗಳನ್ನು ನಿಮಗೆ ಬೇಕಾದ ಹಾಗೆ ಹಾಕಿ, ಮಕ್ಕಳೇ."

ಸಾಹೇಬರು ಎದ್ದು ನಿಂತದ್ದು

ಪಿಂಚಣಿಗೆ ಎರಡೇ ವರ್ಷ ಉಳಿದಿತ್ತು. ಬೆಳಗಾವಿಯಲ್ಲಿದ್ದೆ. ಅಕ್ಕನ ಮಗಳಿಗೆ ಮಣಿಪಾಲದಲ್ಲಿ ಕೆಲಸದಲ್ಲಿದ್ದ ಒಳ್ಳೆಯ ಹುಡುಗ ಗೊತ್ತಾದ, ದಿನವೂ ನಿಶ್ಚಯವಾಯಿತು. ಅಭ್ಯಾಸದಂತೆ ಅದರ ಬೆನ್ನಿಗೇ ನನಗೆ ಅಸ್ಸಾಮಿಗೆ ವರ್ಗವಾಯಿತು. ಹೊರಡಬೇಕಾದದ್ದು ಮದುವೆಗೆ ಮೊದಲೇ. ದಾರೆಯ ನೀರು ಬಿಟ್ಟು ಹುಡುಗಿಯನ್ನು ಒಪ್ಪಿಸಿಕೊಡಬೇಕಾದವನು ನಾನು. ಈ ಸಲ ತಪ್ಪಿದರೆ ಅಕ್ಕನಿಗೆ ಮುಖ ತೋರಿಸುವ ಹಾಗಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಇಂಥ ಸಂಗತಿಗಳನ್ನು ಕರ್ನಲ್ ಸಾಹೇಬರ ಕಿವಿಗೆ ಮೊದಲು ಹಾಕುವವರು ಹೆಡ್ ಕ್ಲರ್ಕ್. ಅವರು ಧಾರವಾಡದ ಕಡೆಯವರು, ಕನ್ನಡದವರು. ನಾನು ಕನ್ನಡದಲ್ಲೇ ಹೇಳಿದೆ, "ಸೊಸೆಯ ಮದುವೆ ಉಂಟು. ನಾನೇ ನಿಂತು ಮಾಡಿಸಬೇಕು. ಬೇರೆ ಯಾರೂ ಇಲ್ಲ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಸೊಸಿ ಮದುವಿ? ನೀವ ಮಾಡಸ್ತೀರೇನ್ರಿ?"

"ಮತ್ತೆ ಯಾರು ಮಾಡಿಸುವುದು? ನನ್ನದೇ ಜವಾಬ್ದಾರಿ ಅಲ್ವಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು. ನನ್ನನ್ನು ಕರೆದಾಗ ಕರ್ನಲ್ ಸಾಹೇಬರು ಎದ್ದು ನಿಂತಿದ್ದರು. ಪಂಜಾಬಿನ ಕಡೆಯ ಗಡ್ಡದ ಮನುಷ್ಯ, ಯಾರಿಗೂ ಸುಲಭಕ್ಕೆ ಏಳುವವರಲ್ಲ. ಎರಡೂ ಕೈಗಳಿಂದ ನನ್ನ ಕೈ ಹಿಡಿದರು. "ನೀವೇನೂ ಹೇಳಬೇಡಿ ಸುಬೇದಾರ್ ಸಾಹೇಬ್, ನನಗೆಲ್ಲ ತಿಳಿಯಿತು. ಇಂಥ ದೊಡ್ಡ ಮನಸ್ಸನ್ನು ನಾನು ನೋಡಿರಲಿಲ್ಲ. ಹೋಗಿ ಬನ್ನಿ. ಮದುವೆ ಮುಗಿಯುವವರೆಗೆ ಅಸ್ಸಾಮು ಕಾಯಲಿ."

ನಾನು ಉಬ್ಬಿಹೋದೆ. ಅಂತೂ ನಮ್ಮ ಅಳಿಯಕಟ್ಟನ್ನು ಅರ್ಥ ಮಾಡಿಕೊಂಡ ಒಬ್ಬ ಅಧಿಕಾರಿ ಸೈನ್ಯದಲ್ಲಿದ್ದಾರೆ ಎಂದು ಊರಿಗೆಲ್ಲ ಹೇಳಿದೆ.

ಚಪ್ಪರದ ಭಾಷಣ

ಮದುವೆ ನಮ್ಮ ಮನೆಯ ಅಂಗಳದಲ್ಲೇ. ಹುಡುಗ ಹುಡುಗಿ ಮಂಟಪಕ್ಕೆ ಬಂದಿದ್ದರು, ದಾರೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರಲ್ಲಿ ಗದ್ದೆಯ ದಾರಿಯಲ್ಲಿ ಒಂದು ಜೀಪು ಬಂತು. ಕರ್ನಲ್ ಸಾಹೇಬರು. ಸೈನ್ಯದ ಭರ್ತಿಯ ಕೆಲಸಕ್ಕೆ ಮಂಗಳೂರಿಗೆ ಬಂದವರು ಕೇಳಿಕೊಂಡು ಹುಡುಕಿಕೊಂಡು ಬಂದಿದ್ದರು. ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಸಭೆಯ ಕಡೆಗೆ ತಿರುಗಿ ಹಿಂದಿಯಲ್ಲಿ ಮಾತು ಶುರು ಮಾಡಿದರು.

"ಗಂಡನನ್ನು ಕಳೆದುಕೊಂಡ ಸೊಸೆಯನ್ನು ಮಗಳೆಂದು ತಿಳಿದು ಮತ್ತೊಮ್ಮೆ ಮದುವೆ ಮಾಡಿಸುತ್ತಿರುವ ಈ ಸುಬೇದಾರರು ನಮಗೆಲ್ಲ ಹೆಮ್ಮೆ."

ಹಿಂದಿ ಬಾರದ ನಮ್ಮ ಜನ ಚೆನ್ನಾಗಿ ಚಪ್ಪಾಳೆ ತಟ್ಟಿದರು. ತಟ್ಟದವರು ಒಬ್ಬರೇ, ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಹುಡುಗನ ಸೋದರಮಾವ. ಆ ಕಡೆಯ ಯಜಮಾನಿಕೆ ಅವರದೇ. ಅವರು ನಿಧಾನಕ್ಕೆ ಎದ್ದರು.

"ಮತ್ತೊಮ್ಮೆಯಾ? ಮೊದಲೊಮ್ಮೆ ಆದದ್ದು ಯಾವಾಗ ಮಾರಾಯ್ರೆ?"

ನಾನು ಉತ್ತರಿಸುವ ಮೊದಲೇ ನನ್ನ ಮಗ, ಒಂದನೇ ಕ್ಲಾಸಿನವನು, ಸಾಹೇಬರಿಗೆ ಎಳನೀರಿನ ಬೊಂಡ ತಂದು ಹಿಡಿದ.

"ಇವನ್ಯಾರು?" ಎಂದರು ಸಾಹೇಬರು.

"ನನ್ನ ಮಗ, ಸರ್."

ಅವರು ದನಿ ತಗ್ಗಿಸಿದರು. "ತೀರಿಹೋದವನ ತಮ್ಮನೇ?"

"ಯಾರೂ ತೀರಿಹೋಗಿಲ್ಲ ಸರ್. ನನಗೆ ಇರುವುದು ಇವನೊಬ್ಬನೇ."

ಸಾಹೇಬರು ಹುಡುಗಿಯನ್ನು ನೋಡಿದರು, ನನ್ನ ಮಗನನ್ನು ನೋಡಿದರು. "ಹಾಗಾದರೆ ಇವಳ ಗಂಡ?"

"ಇಲ್ಲೇ ನಿಂತಿದ್ದಾನೆ, ಸರ್. ದಾರೆ ಆಗಬೇಕಷ್ಟೆ."

ಮದುಮಗ ತಾನು ಬದುಕಿರುವುದನ್ನು ತೋರಿಸುವವನ ಹಾಗೆ ಪೇಟ ಸರಿಮಾಡಿಕೊಂಡ. ಬೊಂಬಾಯಿ ಮಾವನಿಗೆ ಗುಟ್ಟು ಹೊಳೆಯಿತು. ನಕ್ಕು ನಕ್ಕು ಕಂಬ ಹಿಡಿದುಕೊಂಡು ಅವರೇ ಬಿಡಿಸಿ ಹೇಳಿದರು. ನಮ್ಮಲ್ಲಿ ಮಗನ ಹೆಂಡತಿಯೂ ಸೊಸೆಯೇ, ಅಕ್ಕನ ಮಗಳೂ ಸೊಸೆಯೇ. ಹೆಡ್ ಕ್ಲರ್ಕಿಗೆ ಹೊಳೆದದ್ದು ಮೊದಲನೆಯದು ಮಾತ್ರ.

ಸಾಹೇಬರೂ ಗಡ್ಡ ಹಿಡಿದುಕೊಂಡು ನಕ್ಕರು. "ಇಬ್ಬರಿಗೂ ಒಂದೇ ಹೆಸರು ಯಾಕೆ?"

ಎಲ್ಲರೂ ಎಂತಕ್ಕೆ ನಗುವುದು ಎಂದು ಅಮ್ಮ ಕೇಳಿದಳು. ಸಾಹೇಬರ ಪ್ರಶ್ನೆಯನ್ನೂ ಸೇರಿಸಿ ತುಳುವಿನಲ್ಲಿ ಹೇಳಿದೆ. ಅವಳು ಮಾತ್ರ ನಗಲಿಲ್ಲ.

"ಯಾಕೆಂದರೆ ಇವಳು ನಿನ್ನ ಮಗನಿಗೇ ಆಗಬೇಕಾದ ಹುಡುಗಿ. ನಿನ್ನ ಮದುವೆಗೆ ಇವರು ಸಮಯಕ್ಕೆ ಸರಿಯಾಗಿ ರಜೆ ಕೊಟ್ಟಿದ್ದರೆ ಅವನು ಈಗ ಮೀಸೆ ತಿರುವುತ್ತಿದ್ದ. ಮಿಲಿಟ್ರಿಯವರ ದೆಸೆಯಿಂದ ಸೊಸೆ ಬೇರೆಯವರ ಪಾಲಾದಳು ಅಂತ ಹೇಳು."

ನಾನು ಹಿಂಜರಿದೆ. ಬೊಂಬಾಯಿ ಮಾವ ಒಂದು ಅಕ್ಷರ ಬಿಡದೆ ಹಿಂದಿಗೆ ಇಳಿಸಿದರು.

ದಾರೆ ಎರೆದೆ. ಕಣ್ಣು ತುಂಬಿತು, ಮುಚ್ಚಿಡಲಿಲ್ಲ. ಊಟದ ಮೇಲೆ ಸಾಹೇಬರು ಅಮ್ಮನ ಮುಂದೆ ಕೈಮುಗಿದು ನಿಂತರು. "ತಪ್ಪು ನಮ್ಮದೇ, ಅಮ್ಮಾ. ದಂಡವಾಗಿ ಏನು ಮಾಡಲಿ?"

"ಇನ್ನೆರಡು ವರ್ಷ ಇವನನ್ನು ದೂರ ಹಾಕಬೇಡಿ" ಎಂದಳು.

"ಮಂಗಳೂರಿನಲ್ಲೂ ಉಡುಪಿಯಲ್ಲೂ ಕಾಲೇಜು ಹುಡುಗರಿಗೆ ಕವಾಯತು ಕಲಿಸುವ ಜಾಗ ಖಾಲಿ ಇದೆ. ಅಸ್ಸಾಮಿನದನ್ನು ನಾನು ರದ್ದು ಮಾಡಿಸುತ್ತೇನೆ. ಉಡುಪಿಗೇ ಹಾಕಿಸಲೇ? ದಿನಾ ಸಂಜೆ ಮನೆಗೆ ಬರುತ್ತಾರೆ, ಬೆಳಗ್ಗೆ ಇಲ್ಲಿಂದಲೇ ಹೋಗುತ್ತಾರೆ."

ಸೈನ್ಯಕ್ಕೆ ಸೇರಿದಂದಿನಿಂದ ನಾನು ಕಾದಿದ್ದ ಮಾತದು. ಸಂತೋಷ ತಡೆಯಲಾಗದೆ ಅಮ್ಮನಿಗೆ ಅದನ್ನು ಎರಡು ಸಲ ತುಳುವಿನಲ್ಲಿ ಹೇಳಿದೆ. ಅಮ್ಮ ನನ್ನನ್ನು ನೋಡಿದಳು. ಆಮೇಲೆ ಅಂಗಳದ ಮೂಲೆಯಲ್ಲಿ ನಾನು ಅಂದು ಬೆಳಗ್ಗೆಯಷ್ಟೇ ಸಾಲು ಹಿಡಿಸಿದ್ದ ತೆಂಗಿನಕಾಯಿಗಳನ್ನು ನೋಡಿದಳು.

"ಅಷ್ಟು ಹತ್ತಿರ ಎಂತಕ್ಕೆ ಮಗಾ? ಮಂಗಳೂರು ಸಾಕು. ಶನಿವಾರ ಬಂದು ಹೋಗು."