ದೊಡ್ಡಪ್ಪನ ಗಂಟೆ ಲೆಕ್ಕ

ನಮ್ಮ ದೊಡ್ಡಪ್ಪನ ಎದುರು ಕೂತು ಮಾತಾಡುವವರು ಸ್ವಲ್ಪ ಹುಷಾರಾಗಿರಬೇಕು. ಅವರು ಎಣಿಸುತ್ತಿರುತ್ತಾರೆ! ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿದವರು. ಗಮನ ಕೊಟ್ಟದ್ದಷ್ಟೇ ನೆನಪಾಗಿ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಗಾಳಿಗೆ ಎನ್ನುವುದು ಅವರ ಮೂಲಮಂತ್ರ. ಇಷ್ಟಾಗಿಯೂ ಹಣೆಯ ಮೇಲೇರಿಸಿದ ಕನ್ನಡಕವನ್ನು ಬೋಗಾದಿಯ ನಮ್ಮ ಮನೆಯೆಲ್ಲ ಹುಡುಕುತ್ತಾರೆ. ಕೇಳಿದರೆ, "ಅದರ ಕಡೆ ಗಮನ ಕೊಟ್ಟಿರ್ಲಿಲ್ಲ ಕಣಮ್ಮ" ಎಂಬ ಶಾಸ್ತ್ರೋಕ್ತ ಉತ್ತರ.

ನನ್ನನ್ನು ನೋಡಲು ಬಂದಿದ್ದ ಗಂಡಿನ ತಂದೆಗೆ, "ಸ್ವಾಮಿ, ಕೂತಾಗಿಂದ ಹದಿನಾಲ್ಕು ಸಲ ಮೊಬೈಲ್ ನೋಡಿದ್ರಿ. ನಮ್ಮ ಹುಡುಗೀನ ಎರಡೇ ಸಲ" ಎಂದುಬಿಟ್ಟರು. ಅವತ್ತಿನ ಉಪ್ಪಿಟ್ಟು ಪೂರ್ತಿ ನಮಗೇ ಉಳಿಯಿತು.

ಈ ಹುಚ್ಚು ಹತ್ತಿದ್ದು ಅಷ್ಟಾವಧಾನ ನೋಡಿ. ಅಲ್ಲಿ ಒಬ್ಬರು ನಡುನಡುವೆ ಗಂಟೆ ಬಾರಿಸುತ್ತಾರೆ. ಅವಧಾನಿ ಪದ್ಯ ಕಟ್ಟುತ್ತಲೇ ಅದನ್ನು ಎಣಿಸಬೇಕು. ಸಂಜೆ ಕಾಫಿ ಹೊತ್ತಿಗೆ ದೊಡ್ಡಪ್ಪ ಹರಟುತ್ತಿದ್ದರೆ ದೊಡ್ಡಮ್ಮ ಅಡುಗೆಮನೆಯಿಂದ ಪೂಜೆಯ ಗಂಟೆ ಬಾರಿಸುವರು. ಹತ್ತು ಸಲ ಬಾರಿಸಿ, ಹನ್ನೊಂದನೆಯದಕ್ಕೆ ಗಂಟೆಯ ನಾಲಗೆ ಹಿಡಿದು ಸದ್ದಿಲ್ಲದೆ ಅಲ್ಲಾಡಿಸುವರು! "ಹತ್ತು" ಎನ್ನುವರು ದೊಡ್ಡಪ್ಪ. "ಹನ್ನೊಂದು. ಸೋತ್ರಿ" ಎನ್ನುವರು ದೊಡ್ಡಮ್ಮ. ಮೋಸ ಗೊತ್ತಿದ್ದೂ ದಿನಾ ಸೋಲುತ್ತಿದ್ದರು.

ದೊಡ್ಡಮ್ಮ ತೀರಿಕೊಂಡ ಮೇಲೂ ಲೆಕ್ಕ ನಿಲ್ಲಲಿಲ್ಲ. ಏನೋ ಮಾತಾಡುತ್ತಿದ್ದವರು ತಟಕ್ಕನೆ "ಹತ್ತು" ಎನ್ನುವರು. ಆಮೇಲೆ ಖಾಲಿ ಅಡುಗೆಮನೆ ಕಡೆ ತಿರುಗಿ, "ಆಯ್ತು ಬುಡು, ಹನ್ನೊಂದೇ" ಎನ್ನುವರು. ಗಂಟೆ ಬೀರುವಿನಲ್ಲಿ, ಬೀರುವಿನ ಬೀಗದ ಕೈ ನನ್ನ ಹತ್ತಿರ!

"ಯಾರು ಬಾರಿಸಿದ್ರು ದೊಡ್ಡಪ್ಪ?"

"ನಿಂಗೆ ಕೇಳಿಸ್ಲಿಲ್ವಾ?"

ನಗೋಣವೆಂದುಕೊಂಡೆ, ನಗು ಬರಲಿಲ್ಲ. ಅಂದಿನಿಂದ ಸಂಜೆ ಹೊತ್ತು ಅಡುಗೆಮನೆಗೆ ಒಬ್ಬಳೇ ಹೋಗುವುದನ್ನು ಬಿಟ್ಟೆ.

ಈಚೆಗೆ ದೊಡ್ಡಪ್ಪ ಮನೆಯ ದಾರಿ ಮರೆತರು. ಒಮ್ಮೆ ನನ್ನ ಹೆಸರನ್ನೂ ಮರೆತರು. ಒಂದು ಸಂಜೆ ಕಾಫಿ ಆರಿದರೂ ಮುಟ್ಟಲಿಲ್ಲ. "ಮೂರು ದಿನ ಆಯ್ತಮ್ಮ, ಗಂಟೆ ಕೇಳ್ತಾ ಇಲ್ಲ. ಅವಳೂ ಮರೆತು ಹೋಗ್ಬುಡ್ತಾಳೇನೋ" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಮಾರನೆಯ ಸಂಜೆ ಹೆದರಿಕೆ ನುಂಗಿಕೊಂಡು, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಹತ್ತು ಸಲ ಗಂಟೆ ಬಾರಿಸಿದೆ. ಗಡಿಬಿಡಿಯಲ್ಲಿ, ಸದ್ದಿಲ್ಲದ ಆ ಹನ್ನೊಂದನೆಯದನ್ನು ಮರೆತೇ ಗಂಟೆ ಕೆಳಗಿಟ್ಟೆ.

"ಹನ್ನೊಂದು. ಸೋತೆ ಕಣೇ" ಎಂದರು ದೊಡ್ಡಪ್ಪ. ಎಷ್ಟೋ ದಿನಕ್ಕೆ ಮುಖದಲ್ಲಿ ನಗು.

ಮೋಸ ಮಾಡಲು ಮನಸ್ಸು ಬರಲಿಲ್ಲ. ಹೊರಗೆ ಬಂದು, "ನಾನು ದೊಡ್ಡಪ್ಪ, ಬಾರಿಸಿದ್ದು. ಹತ್ತೇ ಸಲ" ಎಂದೆ.

"ಗೊತ್ತು ಕಣಮ್ಮ, ಹತ್ತು ನಿಂದು" ಎಂದು ಕಾಫಿ ಲೋಟ ಎತ್ತಿಕೊಂಡರು. "ಕೊನೇದು ಅವಳ್ದು."

ಅವತ್ತಿನಿಂದ ದಿನಾ ಬಾರಿಸುತ್ತೇನೆ. ಹತ್ತೇ ಸಲ.